ಹುಟ್ಟಿನ ಪಾಲು, ಬರಹದ ಪಾಲು



ಆಸ್ತಿಯ ವಿಚಾರದಲ್ಲಿ ನಾವು ಬರೆಯುವ ಬಹುಪಾಲು ಪತ್ರಗಳು ಬರೆದವರು ಬದುಕಿರುವಾಗಲೇ ಜಾರಿಗೆ ಬರುತ್ತವೆ. ಕ್ರಯಪತ್ರದ ಬಗ್ಗೆ ಅನುಮಾನ ಬಂದರೆ ಮಾರಿದವರನ್ನು ಕೇಳಬಹುದು. ದಾನಪತ್ರದಲ್ಲಿ ಗೊಂದಲವಿದ್ದರೆ ಕೊಟ್ಟವರನ್ನು ಕೇಳಬಹುದು. ಉಯಿಲು ಮಾತ್ರ ಬರೆದವರು ಕಣ್ಮುಚ್ಚಿದ ಮೇಲೆ ಜೀವ ಪಡೆಯುತ್ತದೆ. ಇದು ನಿಮ್ಮ ಸಹಿಯೇ, ಇದನ್ನು ತಿಳಿದೇ ಬರೆದಿರಾ, ಯಾರಾದರೂ ಬರೆಸಿದರಾ ಎಂದು ಕೇಳಬೇಕಾದ ಹೊತ್ತಿಗೆ ಉತ್ತರಿಸಬೇಕಾದವರೇ ಇರುವುದಿಲ್ಲ. ಮೈಸೂರು ಹೈಕೋರ್ಟಿನಿಂದ ಹೋದ ಒಂದು ಮೇಲ್ಮನವಿಯಲ್ಲಿ, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಅವರ ನಡುವಿನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ 1958ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪು ಈ ಸಂಗತಿಯನ್ನೇ ಕೇಂದ್ರವಾಗಿಟ್ಟುಕೊಂಡಿದೆ. ಉಯಿಲಿಗೆ ಸಂಬಂಧಿಸಿದ ದಾವೆಗಳಲ್ಲಿ ಇಂದಿಗೂ ದೇಶದ ಎಲ್ಲ ನ್ಯಾಯಾಲಯಗಳು ಉಲ್ಲೇಖಿಸುವ ತೀರ್ಪು ಅದು. ಅದರ ವಿವರಕ್ಕೆ ಮುಂದೆ ಬರುತ್ತೇನೆ.

ಉಯಿಲಿನ ಜಗಳಗಳನ್ನು ತಡೆಯುವುದು ಹೇಗೆ ಎಂದು ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರ, ಒಳ್ಳೆಯ ವಕೀಲರಿಂದ ಬರೆಸಿ, ರಿಜಿಸ್ಟರ್ ಮಾಡಿಸಿ ಎಂಬುದು. ಆ ಸಲಹೆ ತಪ್ಪಲ್ಲ, ಆದರೆ ಸಾಲದು. ಕಾನೂನಿನ ದೃಷ್ಟಿಯಲ್ಲಿ ಒಂದು ಕುಂದೂ ಇಲ್ಲದ ಉಯಿಲುಗಳು ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಜೀವಮಾನವಿಡೀ ದೂರ ಮಾಡಿರುವುದನ್ನು ಈ ಸಭೆಯಲ್ಲಿರುವ ಅನೇಕರು ಕಂಡಿದ್ದೀರಿ. ಇದಕ್ಕೆ ಕಾರಣ ನಮ್ಮ ಮನೆಗಳಲ್ಲಿ ಆಸ್ತಿಯ ಬಗ್ಗೆ ಎರಡು ನಂಬಿಕೆಗಳು ಒಟ್ಟಿಗೆ ಬಾಳುತ್ತಿರುವುದು ಎಂದು ನಾನು ತಿಳಿದಿದ್ದೇನೆ. ಹುಟ್ಟಿದ ಮಾತ್ರಕ್ಕೇ ನನಗೊಂದು ಪಾಲಿದೆ ಎಂಬುದು ಮಕ್ಕಳ ನಂಬಿಕೆ. ನಾನು ದುಡಿದದ್ದು ನನ್ನದು, ನನ್ನಿಷ್ಟದಂತೆ ಕೊಡುತ್ತೇನೆ ಎಂಬುದು ತಂದೆತಾಯಿಗಳ ನಂಬಿಕೆ. ಕಾನೂನು ಎರಡನ್ನೂ ಒಪ್ಪುತ್ತದೆ, ಬೇರೆಬೇರೆ ಆಸ್ತಿಗೆ ಬೇರೆಬೇರೆ ಪ್ರಮಾಣದಲ್ಲಿ. ಎರಡನೆಯ ಹಕ್ಕನ್ನು ಚಲಾಯಿಸುವವರು ಮೊದಲನೆಯ ನಂಬಿಕೆಗೆ ಉತ್ತರ ಹೇಳದೆ ಹೋದಾಗ ಜಗಳ ಹುಟ್ಟುತ್ತದೆ.

ಮೊದಲನೆಯ ನಂಬಿಕೆಗೆ ನಮ್ಮ ನೆಲದಲ್ಲೇ ಆಳವಾದ ಬೇರಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣವಾದ ಚಾಲುಕ್ಯರ ರಾಜಧಾನಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತಾಗಲ್ಲ, ತಾನು ಹುಟ್ಟಿದಾಗಲೇ ಎಂಬುದು ಅದರ ಮುಖ್ಯ ನಿಲುವು. ಬಂಗಾಳದ ಜೀಮೂತವಾಹನ ಇದನ್ನು ಒಪ್ಪಲಿಲ್ಲ. ಉಳಿದ ಭಾರತದ ಬಹುಭಾಗ ಒಪ್ಪಿತು. ಕನ್ನಡ ನಾಡಿನಲ್ಲಿ ಬರೆದ ಒಂದು ಗ್ರಂಥ ಎಂಟು ಒಂಬತ್ತು ಶತಮಾನಗಳ ಕಾಲ ಕೋಟ್ಯಂತರ ಮನೆಗಳ ಪಾಲುಪಟ್ಟಿಯನ್ನು ನಿರ್ಧರಿಸಿತು. ಆ ವ್ಯವಸ್ಥೆಯಲ್ಲಿ ಉಯಿಲಿಗೆ ಸ್ಥಾನವೇ ಇರಲಿಲ್ಲ. ಹುಟ್ಟಿನಿಂದಲೇ ಇನ್ನೊಬ್ಬರ ಹಕ್ಕು ಸೇರಿಕೊಂಡಿರುವ ಆಸ್ತಿಯನ್ನು ಸಾಯುವವನು ತನ್ನ ಮಾತಿನಿಂದ ಹಂಚುವುದು ಹೇಗೆ? ಲಿಖಿತ ಉಯಿಲು ನಮ್ಮಲ್ಲಿ ಬೇರೂರಿದ್ದು ಬ್ರಿಟಿಷರ ಆಡಳಿತದಲ್ಲಿ. 1870ರ ಹಿಂದೂ ವಿಲ್ಸ್ ಕಾಯ್ದೆ, ಆಮೇಲೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅದಕ್ಕೆ ಚೌಕಟ್ಟು ಕೊಟ್ಟವು. ಅವಿಭಕ್ತ ಕುಟುಂಬದಲ್ಲಿ ತನಗಿರುವ ಪಾಲನ್ನೂ ಉಯಿಲಿನ ಮೂಲಕ ಕೊಡಬಹುದು ಎಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು. ಕರಾವಳಿಯ ಅಳಿಯಸಂತಾನದ ಕುಟುಂಬ, ಅದರ ಶಾಖೆಗಳಾದ ಕವರುಗಳ ಸದಸ್ಯರ ಪಾಲಿಗೂ ಅದು ಅನ್ವಯಿಸುತ್ತದೆ. ಉಯಿಲು ಬರೆಯುವ ಈ ಪೂರ್ಣ ಸ್ವಾತಂತ್ರ್ಯ ನಮ್ಮ ಪಾಲಿಗೆ ಎರಡು ಮೂರು ತಲೆಮಾರಿನಷ್ಟು ಹಳೆಯದು ಮಾತ್ರ. ಮನೆಯ ಮನಸ್ಸು ಇನ್ನೂ ಮಿತಾಕ್ಷರಾದಲ್ಲಿದೆ. ಉಯಿಲು ಬರೆಯುವವರು ಇದನ್ನು ನೆನಪಿಡಬೇಕು.

ಉಯಿಲು ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಯಾರಿಗೆ ಕೊಡಲಿ ಎಂಬುದಲ್ಲ, ಇದರಲ್ಲಿ ನನ್ನದೆಷ್ಟು ಎಂಬುದು. ಅದನ್ನು ಕೇಳಿಕೊಳ್ಳದ ಒಂದು ತಪ್ಪಿನಿಂದ ಹುಟ್ಟಿದ ದಾವೆಗಳೇ ಬಹಳ. ಪಹಣಿಯಲ್ಲಿ ಒಬ್ಬರ ಹೆಸರಿದೆ ಎಂದಾಕ್ಷಣ ಜಮೀನೆಲ್ಲ ಅವರದೇ ಆಗುವುದಿಲ್ಲ. ಕುಟುಂಬದ ಹಿರಿಯನ ಹೆಸರಿಗೆ ಪೌತಿ ಖಾತೆಯಾಗಿ ಇಪ್ಪತ್ತು ವರ್ಷ ಕಳೆದರೂ ತಮ್ಮಂದಿರ, ತಂಗಿಯರ ಹಕ್ಕು ಅಳಿಯುವುದಿಲ್ಲ. ಪಿತ್ರಾರ್ಜಿತವಾದರೆ ಅದರಲ್ಲಿ ತನ್ನ ಪಾಲನ್ನು ಮಾತ್ರ ಉಯಿಲಿನಲ್ಲಿ ಕೊಡಬಹುದು. ಇಡೀ ಆಸ್ತಿಯನ್ನು ಬರೆದಿಟ್ಟರೆ ಆ ಉಯಿಲೇ ಮೊದಲ ತಕರಾರು ಅರ್ಜಿಯಾಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪು ತಿಳಿವಳಿಕೆಯೂ ಅಷ್ಟೇ ವ್ಯಾಪಕ. ಅಜ್ಜನಿಂದ ಅಪ್ಪನಿಗೆ ಬಂದದ್ದೆಲ್ಲ ಪಿತ್ರಾರ್ಜಿತ, ಅದರಲ್ಲಿ ಮೊಮ್ಮಕ್ಕಳಿಗೆ ಹುಟ್ಟಿನ ಹಕ್ಕಿದೆ ಎಂದು ಹಳ್ಳಿ ಪಟ್ಟಣಗಳೆರಡರಲ್ಲೂ ನಂಬಿದ್ದಾರೆ. ಅಜ್ಜ ತನ್ನ ಸ್ವಯಾರ್ಜಿತವನ್ನು ಬಿಟ್ಟು 1956ರ ನಂತರ ಉಯಿಲಿಲ್ಲದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಅಪ್ಪನಿಗೆ ಬಂದ ಪಾಲು ಅಪ್ಪನ ಸ್ವಂತ ಆಸ್ತಿ. ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅದನ್ನು ಅಪ್ಪ ಯಾರಿಗೆ ಬೇಕಾದರೂ ಬರೆಯಬಹುದು. ಮಗನಿಗೆ ಇದು ಗೊತ್ತಿರುವುದಿಲ್ಲ, ಅಪ್ಪನೂ ವಿವರಿಸಿರುವುದಿಲ್ಲ. ಹಾಗಾಗಿ ಉಯಿಲಿನಲ್ಲಿ ಪ್ರತಿ ಸ್ವತ್ತಿನ ಮುಂದೆ ಅದು ತನಗೆ ಹೇಗೆ ಬಂತು ಎಂಬುದನ್ನು ಬರೆಯುವುದು ಅತ್ಯಗತ್ಯ. ಯಾವ ಇಸವಿಯ ಕ್ರಯಪತ್ರ, ಯಾವ ವಿಭಾಗ ಪತ್ರ, ಯಾವ ಸಾಲದಿಂದ ಕಟ್ಟಿಸಿದ ಮನೆ, ಯಾರ ಸಂಬಳದಿಂದ ತೀರಿದ ಸಾಲ ಎಂಬ ನಾಲ್ಕು ಸಾಲು ಸರ್ವೆ ನಂಬರು, ಚೆಕ್ಕುಬಂದಿಗಳಷ್ಟೇ ಬೆಲೆಬಾಳುತ್ತವೆ.

ಜಮೀನಿನ ವಿಷಯದಲ್ಲಿ ಕರ್ನಾಟಕದ ರೈತ ಕುಟುಂಬಗಳು ಇನ್ನೊಂದು ಎಚ್ಚರ ವಹಿಸಬೇಕು. ಗೇಣಿ ಹಕ್ಕನ್ನು ಕುಟುಂಬದ ಹೊರಗಿನವರಿಗೆ ಉಯಿಲಿನಿಂದ ಕೊಡಲು ಬರುವುದಿಲ್ಲ ಎಂದು ಭೂಸುಧಾರಣಾ ಕಾಯ್ದೆಯಡಿ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಭೂನ್ಯಾಯ ಮಂಡಳಿಯಿಂದ ಬಂದ ಜಮೀನು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇವುಗಳ ಮೂಲ ಆದೇಶದ ಷರತ್ತುಗಳನ್ನು ಓದದೆ ಉಯಿಲು ಬರೆಯಬಾರದು.

ನನ್ನದೆಷ್ಟು ಎಂಬ ಲೆಕ್ಕದಲ್ಲಿ ಹೆಣ್ಣುಮಕ್ಕಳ ಪಾಲನ್ನು ಬಿಟ್ಟೇ ಎಣಿಸುವ ರೂಢಿ ಇನ್ನೂ ಹೋಗಿಲ್ಲ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು, ಪಾಲಾಗುವಾಗ ಮನೆಯ ಹೆಂಗಸರಿಗೂ ಅಂಶವಿದೆ ಎಂದಿತು. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಆಗ ಮದುವೆಯಾಗಿರದಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೆಂಬ ವಾದವನ್ನು 2020ರ ವಿನೀತಾ ಶರ್ಮಾ ತೀರ್ಪು ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳಿಗೆ ರಕ್ಷಣೆ ಉಂಟು. ಇಷ್ಟೆಲ್ಲ ಆದ ಮೇಲೂ ಎಷ್ಟೋ ಉಯಿಲುಗಳಲ್ಲಿ ಒಂದೇ ಬಗೆಯ ವಾಕ್ಯ ಕಾಣುತ್ತದೆ: ಹೆಣ್ಣುಮಕ್ಕಳ ಮದುವೆಯನ್ನು ಚೆನ್ನಾಗಿ ಮಾಡಿಕೊಟ್ಟಿರುವುದರಿಂದ ಅವರಿಗೆ ಬೇರೆ ಪಾಲಿಲ್ಲ. ಈ ವಾಕ್ಯ ಮಗಳಿಗೆ ಕೊಡುವ ನೋವನ್ನು ಬರೆಯುವವರು ಊಹಿಸಿರುವುದಿಲ್ಲ. ಗಂಡುಮಕ್ಕಳ ಮದುವೆಗೂ ಮನೆ ಖರ್ಚು ಮಾಡಿದೆ, ಅದನ್ನು ಯಾರೂ ಅವರ ಪಾಲಿನಲ್ಲಿ ಕಳೆಯುವುದಿಲ್ಲ. ಸ್ವಯಾರ್ಜಿತದಲ್ಲಿ ಮಗಳಿಗೆ ಕಡಿಮೆ ಕೊಡುವ ಅಧಿಕಾರ ಕಾನೂನಿನಂತೆ ತಂದೆಗಿದೆ, ಆದರೆ ಅವಳು ಮಗಳು ಎಂಬುದು ಅದಕ್ಕೆ ಕಾರಣವಾಗಬಾರದು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಮಾತ್ರ ತವರಿನ ಬಾಗಿಲು ತೆರೆದಿರುತ್ತದೆ ಎಂಬ ಭಾವನೆ ಅವಳಲ್ಲಿ ಹುಟ್ಟುವಂತೆ ಮಾಡುವುದು ಕ್ರೂರ ಎಂದೇ ನಾನು ಹೇಳುತ್ತೇನೆ.

ಇನ್ನು ಹಂಚಿಕೆಯ ನ್ಯಾಯದ ಪ್ರಶ್ನೆ. ಎಲ್ಲರಿಗೂ ಸಮನಾಗಿ ಕೊಟ್ಟರೆ ಜಗಳವಿಲ್ಲ ಎಂಬ ಮಾತಿದೆ, ಅದು ಅರ್ಧ ಸತ್ಯ. ಒಬ್ಬ ಮಗ ಅಮೆರಿಕದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಇನ್ನೊಬ್ಬ ಮಗ ಊರಿನಲ್ಲಿ ತೋಟ ನೋಡಿಕೊಂಡು ತಂದೆತಾಯಿಯ ಜೊತೆಗಿದ್ದಾನೆ ಎನ್ನಿ. ಹದಿನೈದು ವರ್ಷ ಆಸ್ಪತ್ರೆಗೆ ಓಡಾಡಿದ್ದು ಊರಿನ ಮಗ. ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿ ಕೂರಿಸಿದ್ದು ಅವನ ಹೆಂಡತಿ. ತೋಟವನ್ನು ಮೂರು ಸಮಭಾಗ ಮಾಡಿದರೆ ಕಾಗದದಲ್ಲಿ ಅದು ಸಮಾನ, ಬದುಕಿನಲ್ಲಿ ಅಲ್ಲ. ಅವನಿಗೆ ಹೆಚ್ಚು ಕೊಟ್ಟು ಕಾರಣ ಹೇಳದಿದ್ದರೆ, ಜೊತೆಗಿದ್ದು ಬರೆಸಿಕೊಂಡ ಎಂಬ ಅಪವಾದವನ್ನು ಆ ಮಗ ಜೀವನಪೂರ್ತಿ ಹೊರಬೇಕಾಗುತ್ತದೆ. ದಾವೆಯಲ್ಲೂ ಇದೇ ಮೊದಲ ಆಪಾದನೆಯಾಗಿ ಬರುತ್ತದೆ. ಹೀಗಾಗಿ ಉಯಿಲಿನಲ್ಲಿ ಕಾರಣ ಹೇಳದೆ ಹೆಚ್ಚು ಕೊಟ್ಟರೆ ಪಡೆದವರಿಗೇ ಅನ್ಯಾಯವಾಗುತ್ತದೆ.

ಕಾರಣಗಳನ್ನು ಬರೆಯುವುದೆಂದರೆ ದೂರುಗಳ ಪಟ್ಟಿ ಮಾಡುವುದಲ್ಲ. ನನ್ನ ಹಿರಿಯ ಮಗ ನನ್ನನ್ನು ನೋಡಿಕೊಳ್ಳಲಿಲ್ಲ, ಸೊಸೆ ಮಾತಾಡಿಸಲಿಲ್ಲ ಎಂದು ಬರೆದ ಉಯಿಲುಗಳಿವೆ. ಸತ್ತವರ ಬೈಗುಳಕ್ಕೆ ಉತ್ತರ ಕೊಡುವ ದಾರಿ ಇಲ್ಲ. ಬೈಸಿಕೊಂಡವರು ಆ ಸಿಟ್ಟನ್ನು ಬದುಕಿರುವ ತಮ್ಮನ ಮೇಲೋ ತಂಗಿಯ ಮೇಲೋ ತೀರಿಸಿಕೊಳ್ಳುತ್ತಾರೆ. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: ಹಿರಿಯ ಮಗನ ಎಂಜಿನಿಯರಿಂಗ್ ಓದಿಗೂ ಬೆಂಗಳೂರಿನ ಸೈಟಿಗೂ ನಾನು ಇಂತಿಷ್ಟು ಕೊಟ್ಟಿದ್ದೇನೆ, ಮಗಳಿಗೆ ಇಂಥ ಮನೆ ಕೊಂಡುಕೊಟ್ಟಿದ್ದೇನೆ, ಕಿರಿಯ ಮಗ ಮತ್ತು ಅವನ ಹೆಂಡತಿ ನಮ್ಮೊಂದಿಗಿದ್ದು ನಮ್ಮ ಆರೈಕೆ ಮಾಡಿದ್ದಾರೆ, ಈ ಕಾರಣಕ್ಕೆ ಮನೆಯನ್ನು ಅವರಿಗೆ ಕೊಟ್ಟಿದ್ದೇನೆ, ಮೂವರ ಮೇಲೂ ನನಗೆ ಪ್ರೀತಿ ಒಂದೇ. ಸೊಸೆಯ ಹೆಸರು ಉಯಿಲಿನಲ್ಲಿ ಬರುವುದು ಅಪರೂಪ. ಆಕೆಯ ದುಡಿಮೆಗೆ ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಅದನ್ನು ಹೆಸರು ಹಿಡಿದು ಬರೆದಿಟ್ಟ ಅತ್ತೆಮಾವಂದಿರು ಎಷ್ಟೋ ಕಹಿಯನ್ನು ತೊಳೆದುಹಾಕಬಲ್ಲರು.

ಕಾರಣ ಕೊಡುವುದಕ್ಕೆ ಕಾನೂನಿನ ಬಲವೂ ಇದೆ. ವಾರಸುದಾರರನ್ನು ಬಿಟ್ಟಿದ್ದಾರೆ ಎಂಬುದೊಂದೇ ಉಯಿಲನ್ನು ಅನುಮಾನಿಸಲು ಸಾಲದು, ಏಕೆಂದರೆ ಸಹಜ ವಾರಸಿಕೆಯನ್ನು ಬದಲಿಸಲೆಂದೇ ಉಯಿಲು ಬರೆಯುವುದು ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಆದರೆ ಹೆಂಡತಿಯನ್ನೋ ಮಗುವನ್ನೋ ಹೆಸರೂ ಎತ್ತದೆ, ಕಾರಣವನ್ನೂ ಕೊಡದೆ ಬಿಟ್ಟಿದ್ದರೆ, ಉಳಿದ ಸಂದರ್ಭಗಳ ಜೊತೆ ಸೇರಿ ಆ ಮೌನವೇ ಅನುಮಾನಕ್ಕೆ ಎಡೆ ಕೊಡುತ್ತದೆ. ಪಾಲು ಕೊಡದವರ ಹೆಸರನ್ನೂ ಉಯಿಲಿನಲ್ಲಿ ಬರೆಯಬೇಕು. ಅವರನ್ನು ಮರೆತಿಲ್ಲ ಎಂಬುದು ಕೋರ್ಟಿಗೂ ತಿಳಿಯಬೇಕು, ಅವರಿಗೂ ತಿಳಿಯಬೇಕು. ಇನ್ನೂ ಒಂದು ಮಾತು. ಅವಲಂಬಿತರಾದ ಹೆಂಡತಿ, ಅಪ್ರಾಪ್ತ ಮಕ್ಕಳು, ವಯಸ್ಸಾದ ತಾಯಿ ಇವರಿಗೆ ಏನೂ ಬಿಡದಿದ್ದರೂ ಅವರ ಜೀವನಾಂಶದ ಹಕ್ಕು ಆಸ್ತಿಯ ಮೇಲೆ ಉಳಿದೇ ಇರುತ್ತದೆ.

ಬರೆದರೆ ಸಾಕೇ, ಬದುಕಿರುವಾಗಲೇ ಹೇಳಬೇಕೇ? ನನ್ನ ಉತ್ತರ, ಹೇಳಬೇಕು. ಇದಕ್ಕೆ ಹಿರಿಯರಿಂದ ಬರುವ ಆಕ್ಷೇಪ ಗಂಭೀರವಾದದ್ದು. ಬರೆದದ್ದು ಗೊತ್ತಾದರೆ ಕಡಿಮೆ ಸಿಕ್ಕವರು ಬರುವುದು ಬಿಡುತ್ತಾರೆ, ಹೆಚ್ಚು ಸಿಕ್ಕವರು ಇನ್ನೇನು ಎಂದು ಉದಾಸೀನರಾಗುತ್ತಾರೆ ಎಂದು ಅವರು ಅಂಜುತ್ತಾರೆ. ಮುಪ್ಪಿನಲ್ಲಿ ಅನ್ನಕ್ಕೂ ಔಷಧಕ್ಕೂ ಮಕ್ಕಳನ್ನೇ ನಂಬಿರುವವರ ಈ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಆದರೆ ಹೇಳುವುದರಲ್ಲಿ ಎರಡು ಹಂತಗಳಿವೆ. ಉಯಿಲು ಬರೆದಿದ್ದೇನೆ, ಯಾವ ತತ್ವದ ಮೇಲೆ ಬರೆದಿದ್ದೇನೆ, ಯಾರು ಅದನ್ನು ಜಾರಿ ಮಾಡುತ್ತಾರೆ ಎಂಬುದನ್ನು ಎಲ್ಲ ಮಕ್ಕಳೂ ಇರುವಾಗ ಒಟ್ಟಿಗೇ ಹೇಳಬಹುದು. ಯಾವ ಸ್ವತ್ತು ಯಾರಿಗೆ ಎಂಬ ವಿವರವನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಉಯಿಲನ್ನು ಎಷ್ಟು ಬಾರಿಯಾದರೂ ರದ್ದು ಮಾಡಬಹುದು, ಬದಲಾಯಿಸಬಹುದು ಎಂಬ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 62ನೇ ಕಲಮು ಹಿರಿಯರಿಗೆ ಇರುವ ದೊಡ್ಡ ರಕ್ಷಣೆ. ಅದನ್ನು ಬೆದರಿಕೆಯಾಗಿ ಬಳಸಬಾರದು ಅಷ್ಟೆ. ಮಾತುಮಾತಿಗೆ ಉಯಿಲು ಬದಲಾಯಿಸುತ್ತೇನೆ ಎನ್ನುವ ಮನೆಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ. ಒಬ್ಬ ಮಗನಿಗೆ ಮಾತ್ರ ಗುಟ್ಟಾಗಿ ಹೇಳುವುದು ಯಾರಿಗೂ ಹೇಳದಿರುವುದಕ್ಕಿಂತ ಕೆಟ್ಟದ್ದು.

ಈಗ ಬರೆಸುವ ಕ್ರಮಕ್ಕೆ ಬರೋಣ. ಪ್ರಾಪ್ತ ವಯಸ್ಸಿನ, ಸ್ವಸ್ಥ ಮನಸ್ಸಿನ ಯಾರು ಬೇಕಾದರೂ ಉಯಿಲು ಬರೆಯಬಹುದು. ಛಾಪಾ ಕಾಗದ ಬೇಡ, ನೋಟರಿ ಕಡ್ಡಾಯವಲ್ಲ, ನೋಂದಣಿ ಐಚ್ಛಿಕ. ಕಡ್ಡಾಯವಾದದ್ದು ಅದೇ 1925ರ ಕಾಯ್ದೆಯ 63ನೇ ಕಲಮಿನಂತೆ ಕನಿಷ್ಠ ಇಬ್ಬರು ಸಾಕ್ಷಿಗಳು. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಅವರು ಕಣ್ಣಾರೆ ನೋಡಿರಬೇಕು, ಅಥವಾ ಇದು ನನ್ನ ಸಹಿ ಎಂದು ಬರೆದವರೇ ಅವರಿಗೆ ಹೇಳಿರಬೇಕು. ಆಮೇಲೆ ಪ್ರತಿ ಸಾಕ್ಷಿಯೂ ಬರೆದವರ ಎದುರಿನಲ್ಲೇ ಸಹಿ ಹಾಕಬೇಕು. ನಮ್ಮಲ್ಲಿ ಬಹಳಷ್ಟು ಉಯಿಲುಗಳು ಬಿದ್ದುಹೋಗುವುದು ಇಲ್ಲೇ. ಮಗನೋ ಪತ್ರ ಬರೆದ ಬಿಕ್ಕಲಂದಾರನೋ ಸಹಿಯಾದ ಕಾಗದವನ್ನು ಹಿಡಿದು ಸಾಕ್ಷಿಗಳ ಮನೆಗೆ ಹೋಗಿ, ಅಪ್ಪ ಬರೆದಿದ್ದಾರೆ, ಇಲ್ಲೊಂದು ಸಹಿ ಹಾಕಿ ಎನ್ನುತ್ತಾನೆ. ಪರಿಚಯದವರು ಹಾಕುತ್ತಾರೆ. ವರ್ಷಗಳ ನಂತರ ಕಟಕಟೆಯಲ್ಲಿ ನಿಂತು ಅವರು ನಿಜ ಹೇಳಿದರೆ ಉಯಿಲು ಹೋಗುತ್ತದೆ, ಸುಳ್ಳು ಹೇಳಿದರೆ ಅವರ ಮಾನ ಹೋಗುತ್ತದೆ. ಸಾಕ್ಷ್ಯ ಕಾನೂನಿನಂತೆ, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕರೆಸಲೇಬೇಕು. ಆದ್ದರಿಂದ ಬರೆಯುವವರಿಗಿಂತ ಚಿಕ್ಕ ವಯಸ್ಸಿನ, ಊರಿನಲ್ಲಿ ನೆಲೆ ಇರುವ, ಪಾಲು ಪಡೆಯದ ಇಬ್ಬರು ಬೇಕು. ಒಬ್ಬರು ಮನೆಯ ವೈದ್ಯರಾದರೆ ಮತ್ತೂ ಒಳ್ಳೆಯದು. ಹಿಂದೂಗಳಲ್ಲಿ ಪಾಲು ಪಡೆಯುವವರು ಸಾಕ್ಷಿಯಾದರೂ ಆ ಪಾಲು ರದ್ದಾಗುವುದಿಲ್ಲ. ಕ್ರೈಸ್ತರಿಗೆ ಅನ್ವಯಿಸುವ, 1925ರ ಕಾಯ್ದೆಯ 67ನೇ ಕಲಮಿನಂತೆ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡಹೆಂಡಿರಿಗೆ ಬರೆದದ್ದು ಅಸಿಂಧು. ಅವರಲ್ಲಿ ಮದುವೆಯಾದರೆ ಹಿಂದಿನ ಉಯಿಲೂ ರದ್ದಾಗುತ್ತದೆ. ಮುಸ್ಲಿಮರ ವಿಷಯವೇ ಬೇರೆ. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ವಸೀಯತ್ತಿನಲ್ಲಿ ಕೊಡುವಂತಿಲ್ಲ. ಸುನ್ನಿಗಳಲ್ಲಿ ಒಬ್ಬ ವಾರಸುದಾರನಿಗೆ ಕೊಡಬೇಕಾದರೂ ಉಳಿದವರ ಒಪ್ಪಿಗೆ ಬೇಕು.

ನಾನು ಆರಂಭದಲ್ಲಿ ಹೇಳಿದ ತೀರ್ಪು ಈ ಎಲ್ಲ ಪ್ರಕ್ರಿಯೆಗೆ ಬೆಳಕು ಕೊಡುತ್ತದೆ. ಉಯಿಲನ್ನು ಮುಂದಿಡುವವರೇ ಅದನ್ನು ರುಜುವಾತುಪಡಿಸಬೇಕು. ಅನುಮಾನದ ಸಂದರ್ಭಗಳಿದ್ದರೆ ಅವನ್ನು ನಿವಾರಿಸುವ ಹೊಣೆಯೂ ಅವರದೇ. ನಡುಗಿದ ಸಹಿ, ದುರ್ಬಲವಾದ ಮನಸ್ಸು, ಅಸಹಜವೆನಿಸುವ ಹಂಚಿಕೆ ಇವೆಲ್ಲ ಅಂಥ ಸಂದರ್ಭಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನ ಲಾಭ ಪಡೆಯುವವರೇ ಉಯಿಲು ಬರೆಸುವುದರಲ್ಲಿ ಮುಂದಾಗಿ ಓಡಾಡಿರುವುದು. ವಿವೇಕಿಯ ಅಂತಃಸಾಕ್ಷಿಗೆ ಒಪ್ಪಿಗೆಯಾಗಬೇಕು ಎಂಬುದು ಅಲ್ಲಿನ ಅಳತೆಗೋಲು. ಇದರಿಂದ ಮನೆಗಳು ಕಲಿಯಬೇಕಾದ ಪಾಠ ಸರಳವಾಗಿದೆ. ವಕೀಲರನ್ನು ಹುಡುಕುವುದು, ಕರಡು ತಿದ್ದುವುದು, ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವುದು, ಫೀಸು ಕಟ್ಟುವುದು, ಇದಾವುದನ್ನೂ ಪಾಲು ಪಡೆಯುವ ಮಗನೋ ಮಗಳೋ ಮಾಡಬಾರದು. ಪ್ರೀತಿಯಿಂದ ಮಾಡಿದರೂ ಅದು ನಾಳೆ ಅವರ ವಿರುದ್ಧ ಸಾಕ್ಷ್ಯವಾಗುತ್ತದೆ. ಸಹಿಯ ಹೊತ್ತಿಗೆ ಅವರು ಕೋಣೆಯಲ್ಲಿ ಇರಬಾರದು.

ಉಯಿಲು ಬರೆಯಲು ಸರಿಯಾದ ಕಾಲ ಆರೋಗ್ಯವಾಗಿರುವ ಕಾಲ. ಐಸಿಯುನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಯಾವ ಮನೆಗೂ ನೆಮ್ಮದಿ ತಂದಿಲ್ಲ. ವಯಸ್ಸಾದ ಮೇಲೆ ಬರೆಯುವುದಾದರೆ ಆ ದಿನವೇ ವೈದ್ಯರಿಂದ ಪ್ರಮಾಣಪತ್ರ ಪಡೆಯಬೇಕು. ಬರೆದವರಿಗೆ ತಿಳಿಯುವ ಭಾಷೆಯಲ್ಲಿ, ಎಂದರೆ ನಮ್ಮಲ್ಲಿ ಬಹುಪಾಲು ಕನ್ನಡದಲ್ಲೇ, ಉಯಿಲು ಇರಬೇಕು. ಕನ್ನಡ ಮಾತ್ರ ಬಲ್ಲ ತಾಯಿಯ ಉಯಿಲು ಇಂಗ್ಲಿಷಿನಲ್ಲಿದ್ದರೆ, ಓದಿ ಹೇಳಿ ತಿಳಿಸಿದರೆಂದು ಸಾಬೀತು ಮಾಡುವ ಇನ್ನೊಂದು ಭಾರ ಬರುತ್ತದೆ. ತಿದ್ದುಪಡಿ, ಗೀಚು ಇದ್ದರೆ ಅಲ್ಲಿಯೂ ಬರೆದವರ ಮತ್ತು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಒಳ್ಳೆಯದು. ಆದರೆ ನೋಂದಣಿಯಾದ ಮಾತ್ರಕ್ಕೆ ಉಯಿಲು ಸಾಬೀತಾಗುವುದಿಲ್ಲ ಎಂಬುದು ನೆನಪಿರಲಿ. ಗುಟ್ಟಾಗಿಡಲು ಬಯಸುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಬಹುದು. 1908ರ ನೋಂದಣಿ ಕಾಯ್ದೆಯಲ್ಲೇ ಇರುವ ಈ ಅನುಕೂಲವನ್ನು ನಮ್ಮ ಜನ ಬಳಸಿಕೊಳ್ಳುವುದು ತೀರಾ ಕಡಿಮೆ.

ಬರಹದ ಒಳಗಿನ ದೋಷಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಹೆಂಡತಿಗೆ ಜೀವಿತಾವಧಿಯವರೆಗೆ ಅನುಭೋಗ, ಆಮೇಲೆ ಮಕ್ಕಳಿಗೆ ಎಂದು ಗಂಡ ಬರೆಯುವುದು ನಮ್ಮಲ್ಲಿ ಬಹಳ ಸಾಮಾನ್ಯ. ಉದ್ದೇಶ ಒಳ್ಳೆಯದು: ಅವಳಿಗೆ ನೆಲೆ ಇರಲಿ, ಆಸ್ತಿಯೂ ಉಳಿಯಲಿ. ಆದರೆ 1956ರ ಕಾಯ್ದೆಯ 14ನೇ ಕಲಮು ಜೀವನಾಂಶದ ಬದಲಿಗೆ ಹೆಂಗಸಿಗೆ ಬಂದ ಆಸ್ತಿಯನ್ನು ಅವಳ ಪೂರ್ಣ ಸ್ವತ್ತಾಗಿಸುತ್ತದೆ. ಅದೇ ಕಲಮಿನ ಎರಡನೆಯ ಭಾಗ ಉಯಿಲಿನಲ್ಲಿ ಹಾಕಿದ ಮಿತಿಯನ್ನು ಎತ್ತಿಹಿಡಿಯುತ್ತದೆ. ಯಾವ ಸಂದರ್ಭಕ್ಕೆ ಯಾವ ಭಾಗ ಎಂಬ ಬಗ್ಗೆ 1977ರ ತುಳಸಮ್ಮ ಪ್ರಕರಣದಿಂದ ಇಲ್ಲಿಯವರೆಗೆ ನಡೆದಿರುವ ಚರ್ಚೆ ಇನ್ನೂ ಮುಗಿದಿಲ್ಲ. ತಾಯಿ ಮನೆ ಮಾರಿದರೆ ಅದು ಸರಿಯೇ ಎಂಬ ಪ್ರಶ್ನೆ ಮಕ್ಕಳನ್ನು ತಾಯಿಯ ವಿರುದ್ಧವೇ ಕೋರ್ಟಿಗೆ ತಂದು ನಿಲ್ಲಿಸುತ್ತದೆ. ಮನೆಯನ್ನು ಹೆಂಡತಿಗೆ ಪೂರ್ಣವಾಗಿ ಬರೆದು, ಅವಳು ತನ್ನ ಉಯಿಲನ್ನು ತಾನೇ ಬರೆಯಲಿ ಎಂದು ಬಿಡುವುದು ಹೆಚ್ಚು ಗೌರವದ ದಾರಿ ಮತ್ತು ಹೆಚ್ಚು ಸುರಕ್ಷಿತ ದಾರಿ ಎಂದು ನನಗನ್ನಿಸುತ್ತದೆ. ಗಂಡಹೆಂಡಿರ ಜಂಟಿ ಉಯಿಲಿಗಿಂತ ಬೇರೆಬೇರೆ ಉಯಿಲು ಮೇಲು. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬದಲಾಯಿಸಬಹುದೇ ಎಂಬ ವಾದ ಆಗ ಏಳುವುದಿಲ್ಲ.

ಹೆಂಗಸರು ಉಯಿಲು ಬರೆಯುವುದೇ ನಮ್ಮಲ್ಲಿ ಕಡಿಮೆ. ಅದರ ಪರಿಣಾಮ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ 2009ರಲ್ಲಿ ಸುಪ್ರೀಂ ಕೋರ್ಟಿನಿಂದ ತೀರ್ಮಾನವಾದ ಓಂ ಪ್ರಕಾಶ್ ಪ್ರಕರಣ ಸಾಕ್ಷಿ. ಮದುವೆಯಾದ ಕೆಲವೇ ತಿಂಗಳಿಗೆ ವಿಧವೆಯಾದ, ಗಂಡನ ಮನೆಯಿಂದ ಹೊರಹಾಕಲ್ಪಟ್ಟ ಹೆಣ್ಣುಮಗಳೊಬ್ಬಳನ್ನು ತವರಿನವರು ಓದಿಸಿದರು. ಆಕೆ ಉದ್ಯೋಗ ಮಾಡಿ ಹಣ ಕೂಡಿಟ್ಟು, ಮಕ್ಕಳಿಲ್ಲದೆ, ಉಯಿಲು ಬರೆಯದೆ ತೀರಿಕೊಂಡರು. 1956ರ ಕಾಯ್ದೆಯ 15ನೇ ಕಲಮಿನಂತೆ ಆಕೆಯ ಗಳಿಕೆ ತವರಿಗೆ ಬರಲಿಲ್ಲ, ಆಕೆಯನ್ನು ಹೊರಹಾಕಿದ ಗಂಡನ ಕಡೆಯ ವಾರಸುದಾರರಿಗೆ ಹೋಯಿತು. ನ್ಯಾಯಾಲಯ ಮರುಕವನ್ನು ಬದಿಗಿಟ್ಟು ಕಾನೂನನ್ನು ಅನ್ವಯಿಸಬೇಕಾಯಿತು. ಒಂದು ಪುಟದ ಉಯಿಲು ಇದನ್ನು ತಪ್ಪಿಸಬಹುದಿತ್ತು. ಸಂಬಳ ಪಡೆಯುವ, ನಿವೃತ್ತಿ ವೇತನ ಪಡೆಯುವ, ಸ್ವಂತ ಹೆಸರಿನಲ್ಲಿ ಸೈಟು ಅಥವಾ ಚಿನ್ನವಿರುವ ಪ್ರತಿ ಮಹಿಳೆಯೂ ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಒಡವೆಗಳ ವಿಷಯವನ್ನಂತೂ ಮರೆಯಲೇಬಾರದು. ಎಕರೆಗಟ್ಟಲೆ ತೋಟ ಶಾಂತವಾಗಿ ಪಾಲಾದ ಮನೆಗಳಲ್ಲಿ ಅಮ್ಮನ ಕಾಸಿನ ಸರ, ಬಳೆಗಳು ಅಕ್ಕತಂಗಿಯರನ್ನು ಬೇರೆ ಮಾಡಿವೆ. ಯಾವ ಒಡವೆ ಯಾರಿಗೆ ಎಂದು ಬರೆದಿಡುವುದು ಸಣ್ಣತನವಲ್ಲ.

ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇನೆ, ಉಯಿಲೇಕೆ ಎನ್ನುವವರೂ ಇದ್ದಾರೆ. ನಾಮಿನಿ ಹಣವನ್ನು ಪಡೆಯುವ ಅಧಿಕಾರಿ, ಮಾಲೀಕನಲ್ಲ. ವಿಮೆಯ ಬಗ್ಗೆ 1983ರ ಸರಬತಿ ದೇವಿ ಪ್ರಕರಣದಲ್ಲೂ, ಷೇರುಗಳ ಬಗ್ಗೆ 2023ರಲ್ಲೂ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ಮೇಲೆ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಕಾಯ್ದೆಯ ಪ್ರಕಾರ ಹಣ ಅವರದೇ ಆಗುತ್ತದೆ. ಹಾಗಾಗಿ ನಾಮಿನಿಯ ಹೆಸರೂ ಉಯಿಲಿನ ಹೆಸರೂ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಪಟ್ಟಿಯಲ್ಲಿ ಬಾರದೆ ಉಳಿದ ಆಸ್ತಿಯೆಲ್ಲ ಯಾರಿಗೆ, ಪಾಲು ಪಡೆಯಬೇಕಾದವರು ತಮಗಿಂತ ಮುಂಚೆ ತೀರಿಕೊಂಡರೆ ಯಾರಿಗೆ ಎಂಬ ಎರಡು ವಾಕ್ಯಗಳೂ ಇರಬೇಕು.

ಎಲ್ಲ ಸಂದರ್ಭಕ್ಕೂ ಉಯಿಲೇ ಉತ್ತರ ಎಂದು ನಾನು ಹೇಳುತ್ತಿಲ್ಲ. ಪಿತ್ರಾರ್ಜಿತ ಹೆಚ್ಚಿರುವ ಮನೆಯಲ್ಲಿ ಎಲ್ಲರೂ ಕೂತು ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳುವುದೇ ಸರಿ. ಪ್ರಾಮಾಣಿಕವಾದ ಕು‌ಟುಂಬ ಒಪ್ಪಂದವನ್ನು ನ್ಯಾಯಾಲಯಗಳು ಆದರದಿಂದ ಕಾಣುತ್ತವೆ ಎಂಬುದು 1976ರ ಕಾಳೆ ಪ್ರಕರಣದಿಂದ ಸ್ಥಿರವಾಗಿದೆ. ದಾನಪತ್ರದಿಂದ ಈಗಲೇ ಕೊಟ್ಟುಬಿಡುವವರು ಮಾತ್ರ ಎಚ್ಚರವಾಗಿರಬೇಕು. ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವುದು ಕಷ್ಟ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ ಆರೈಕೆಯ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ಕೊಡಬಹುದು. ಆದರೆ ಆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆದಿರುವುದು ಕ್ಷೇಮ.

ಜಗಳ ಆಗಿಯೇ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಮಕ್ಕಳು ತಿಳಿದಿರಬೇಕು. ತಾಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ತಕರಾರು ಬಂದರೆ ಉಯಿಲಿನ ಸಾಚಾತನವನ್ನು ಕಂದಾಯ ಅಧಿಕಾರಿ ತೀರ್ಮಾನಿಸಲಾರರು, ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ. ಅಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಅದರ ಮೇಲೆ ಮೇಲ್ಮನವಿ, ಆಮೇಲೆ ಅಂತಿಮ ಡಿಕ್ರಿಗೆ ಬೇರೆ ಅರ್ಜಿ, ಕಮಿಷನರ್ ನೇಮಕ, ಅಳತೆ. ಈ ನಡುವೆ ತಡೆಯಾಜ್ಞೆಯ ಕಾರಣಕ್ಕೆ ಮನೆಯನ್ನು ಮಾರುವಂತಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ದಾವೆ ಹೂಡಿದವರಲ್ಲಿ ಕೆಲವರು ತೀರಿಕೊಂಡು ಅವರ ಮಕ್ಕಳು ಕಕ್ಷಿದಾರರಾಗುತ್ತಾರೆ. ಇದರ ಬದಲು ಮಧ್ಯಸ್ಥಿಕೆ ಕೇಂದ್ರದ ಮೇಜಿನ ಸುತ್ತ ಕೂರಲು ಒಪ್ಪಿದರೆ ಅರ್ಧ ದಾರಿ ಅಲ್ಲೇ ಸವೆಯುತ್ತದೆ. ತಕರಾರು ಬಂದರೆ ಮೊದಲು ಮಧ್ಯಸ್ಥಿಕೆಗೆ ಹೋಗಿ ಎಂಬ ಕೋರಿಕೆಯನ್ನು ಉಯಿಲಿನಲ್ಲೇ ಬರೆದಿಡಬಹುದು. ಕೋರ್ಟನ್ನು ಅದು ಕಟ್ಟಿಹಾಕದಿದ್ದರೂ ಮಕ್ಕಳ ಮನಸ್ಸಿನ ಮೇಲೆ ಅದಕ್ಕೆ ತೂಕವಿರುತ್ತದೆ.

ಉಯಿಲು ಒಮ್ಮೆ ಬರೆದು ಮುಗಿಸುವ ಕೆಲಸವಲ್ಲ. ಮಗುವೊಂದು ಹುಟ್ಟಿದಾಗ, ಸ್ವತ್ತು ಮಾರಿದಾಗ, ವಾರಸುದಾರರೊಬ್ಬರು ತೀರಿಕೊಂಡಾಗ ಅದನ್ನು ತೆಗೆದು ಓದಬೇಕು. ಸಣ್ಣ ಬದಲಾವಣೆಗೆ ಪೂರಕ ಉಯಿಲು ಸಾಕು. ದೊಡ್ಡ ಬದಲಾವಣೆಗೆ ಹೊಸದನ್ನೇ ಬರೆದು, ಇಂಥ ದಿನಾಂಕದ ಹಳೆಯ ಉಯಿಲನ್ನು ರದ್ದು ಮಾಡಿದ್ದೇನೆ ಎಂದು ಸ್ಪಷ್ಟವಾಗಿ ಹೇಳಬೇಕು. ಹಾಗೆ ಮಾಡದಿದ್ದರೆ ಎರಡು ಉಯಿಲುಗಳು ಇಬ್ಬರು ಮಕ್ಕಳ ಕೈಯಲ್ಲಿ ಉಳಿಯುತ್ತವೆ. ಮೂಲಪ್ರತಿ ಎಲ್ಲಿದೆ, ಸಾಕ್ಷಿಗಳು ಯಾರು, ಅವರ ವಿಳಾಸವೇನು ಎಂಬುದನ್ನು ಉಯಿಲನ್ನು ಜಾರಿ ಮಾಡುವವರಿಗೆ ತಿಳಿಸಿದರೆ ಸಾಲದು. ಕಡಿಮೆ ಪಾಲು ಪಡೆಯುವ ಮಗನಿಗೋ ಮಗಳಿಗೋ ಅದನ್ನು ತಾವೇ ಕರೆದು ಹೇಳಬೇಕು. ಆ ಉಯಿಲನ್ನು ಮೊದಲು ಅನುಮಾನಿಸುವವರು ಅವರು. ಅಪ್ಪ ಅಮ್ಮನ ಬಾಯಿಂದಲೇ ಅದನ್ನು ಕೇಳಿರುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಅವರಿಗಿದೆ.